ಸಿಂಧನೂರಿನ ಕ್ಯಾಂಪುಗಳು

ಪ್ಯಾಲೆಸ್ತೀನಿನ ಕ್ಯಾಂಪುಗಳ ಸುದ್ದಿ ಓದಿ ನಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ನಮ್ಮದೇ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳ ಹೆಸರನ್ನು ನಾವು ಎಷ್ಟು ಸಲ ಎತ್ತಿದ್ದೇವೆ? ಯಲಹಂಕದಲ್ಲಿ ರಾಯಚೂರು ಕಡೆಯ ರೈಲು ಹತ್ತಿದರೆ ಒಂದು ರಾತ್ರಿಯ ದಾರಿ. ಆರ್.ಎಚ್. ಕ್ಯಾಂಪ್ ಅಂತಾರೆ, ಮುಂದೊಂದು ನಂಬರು. ಅಷ್ಟೇ ಊರ ಹೆಸರು.

1970ರ ಸುಮಾರಿಗೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಈ ಕರಿ ನೆಲಕ್ಕೆ ತಂದು ಹಾಕಿತು. ಜೊತೆಗೆ ಬರ್ಮಾದಿಂದ ಬಂದವರೂ ಇದ್ದರು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ಇದು. ಇಲ್ಲಿ ದುಡ್ಡು ತಂದು ಅಗ್ಗಕ್ಕೆ ಭೂಮಿ ಕೊಂಡ ಆಂಧ್ರದ ರೈತರ ಊರಿಗೂ ಕ್ಯಾಂಪ್ ಅಂತಲೇ ಹೆಸರು! ಒಂದೇ ಪದ, ಒಂದರಲ್ಲಿ ಧಣಿ, ಇನ್ನೊಂದರಲ್ಲಿ ನಿರಾಶ್ರಿತ.

ಈ ಬಂಗಾಳಿಗಳು ಯಾರು? ಹೆಚ್ಚಿನವರು ನಾಮಶೂದ್ರರು. ಒಂದು ಕಾಲಕ್ಕೆ ಚಂಡಾಲರೆಂದು ಕರೆಸಿಕೊಂಡು, ಆ ಹೆಸರನ್ನು 1911ರ ಜನಗಣತಿಯಲ್ಲಿ ಹೋರಾಡಿ ಅಳಿಸಿಕೊಂಡ ಜನ. 1946ರಲ್ಲಿ ಬೊಂಬಾಯಿ ಕೈಬಿಟ್ಟ ಬಾಬಾಸಾಹೇಬರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಕಳಿಸಲು ಮುಂದೆ ನಿಂತವರು ಜೋಗೇಂದ್ರನಾಥ ಮಂಡಲ್, ಈ ಜನರ ನಾಯಕ. ದೇಶ ಒಡೆದಾಗ ಇವರ ನೆಲ ಆಚೆ ಹೋಯಿತು. ಮಂಡಲ್ ಪಾಕಿಸ್ತಾನದ ಕಾನೂನು ಮಂತ್ರಿಯಾದರು, 1950ರಲ್ಲಿ ರಾಜೀನಾಮೆ ಎಸೆದು ಕಲ್ಕತ್ತೆಗೆ ಬಂದರು.

ಮೊದಲು ಬಂದ ಮೇಲುಜಾತಿಯವರಲ್ಲಿ ಬಹಳ ಮಂದಿ ಕಲ್ಕತ್ತೆಯ ಸುತ್ತ ಕಾಲೋನಿ ಕಟ್ಟಿಕೊಂಡರು. ಆಮೇಲೆ ಬಂದ ಒಕ್ಕಲು ದಲಿತರಿಗೆ ಸಿಕ್ಕಿದ್ದು ರಾಯಪುರದ ಹತ್ತಿರದ ಮಾನಾ ಕ್ಯಾಂಪು, 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆಯ ಕಾಡು. ಅಲ್ಲಿಂದ ಬಂಗಾಳಕ್ಕೆ ವಾಪಸಾಗಿ ಸುಂದರಬನದ ಮರಿಚ್‌ಝಾಪಿಯಲ್ಲಿ ಗುಡಿಸಲು ಹಾಕಿದವರನ್ನು 1979ರಲ್ಲಿ ಎಡರಂಗದ ಸರ್ಕಾರವೇ ಅನ್ನ ನೀರು ತಡೆದು, ಗುಂಡು ಹಾರಿಸಿ ಓಡಿಸಿತು. ಕೆಂಪು ಬಾವುಟದ ಗೆಳೆಯರು ಇದಕ್ಕೆ ಇನ್ನೂ ಉತ್ತರ ಹೇಳಬೇಕಾಗಿದೆ.

1948ರಲ್ಲಿ ಮನೆ ಕಳಕೊಂಡ ಏಳು ಲಕ್ಷಕ್ಕೂ ಮಿಕ್ಕಿದ ಪ್ಯಾಲೆಸ್ತೀನಿಯರು ಡೇರೆಗೆ ಬಿದ್ದರು. ಗಾಜಾ, ಪಶ್ಚಿಮ ದಂಡೆಯ ಡೇರೆಗಳು ಗೋಡೆಯಾಗುವಷ್ಟರಲ್ಲಿ, 1967ರಲ್ಲಿ, ಇಸ್ರೇಲಿನ ಸೈನ್ಯ ಬಂದು ಕೂತಿತು. 1987ರ ಡಿಸೆಂಬರಿನಲ್ಲಿ ಬಂಡಾಯ ಎದ್ದದ್ದು ಗಾಜಾದ ಜಬಾಲಿಯಾ ಕ್ಯಾಂಪಿನಲ್ಲೇ. ಸಿಂಧನೂರಿನಲ್ಲಿ ಅಂಥ ಸೈನ್ಯ ಇಲ್ಲ. ಎರಡೂ ಒಂದೇ ಅಂದರೆ ಜಬಾಲಿಯಾದ ಹೆಣಗಳಿಗೆ ಅವಮಾನ. ಇಲ್ಲಿ ಕಾಯುವುದು ಬಂದೂಕಲ್ಲ, ಕಾಗದ.

ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಗೆ ಆ ಹೆಸರು ಗೊತ್ತಿಲ್ಲದ್ದರಿಂದ ಇಲ್ಲಿಗೆ ಬಂದವರ ಜಾತಿ ಕಾಲುವೆ ನೀರಲ್ಲಿ ತೊಳೆದುಹೋಯಿತು ಅನ್ನೋ ಲೆಕ್ಕ! ಸರ್ಟಿಫಿಕೇಟು ಕೊಡಿ ಅಂತ ದಶಕಗಳಿಂದ ಅರ್ಜಿ ಹಾಕುತ್ತಲೇ ಇದ್ದಾರೆ. ಆ ಒಂದು ಹಾಳೆ ಹಿಡಿದೇ ಹಾಸ್ಟೆಲು, ಡಿಗ್ರಿ ಮುಟ್ಟಿದ ನಮ್ಮಂಥವರಿಗೆ ಅದು ಇಲ್ಲದಿರೋದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

2019ರ ಪೌರತ್ವ ಕಾಯಿದೆ ಮುಸ್ಲಿಮರನ್ನು ಹೊರಗಿಟ್ಟು ಇವರನ್ನು ಹಿಂದೂಗಳೆಂದು ಕರೆಯಿತು. 2024ರಲ್ಲಿ ಈ ಕ್ಯಾಂಪುಗಳ ಕೆಲವೇ ಕೆಲವರಿಗೆ ಪೌರತ್ವದ ಪತ್ರ ಬಂತು, ಐವತ್ತು ವರ್ಷದ ಮೇಲೆ. ಜಾತಿ ಸರ್ಟಿಫಿಕೇಟು ಕೇಳುವ ಕಿಟಕಿಯಲ್ಲಿ ಆ ಪತ್ರ ನಡೆಯೋದಿಲ್ಲ.