ಅಮೃತ್ ಸಿಂಗಲ್ ಮಾಲ್ಟ್

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತಯಾರಿಸುವ ಮಾಲ್ಟ್ ವಿಸ್ಕಿ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಭಟ್ಟಿ ಇಳಿದು ಅಲ್ಲಿನ ಉಗ್ರಾಣದಲ್ಲೇ ಮಾಗುವ ಇದು ಮಾರುಕಟ್ಟೆಗೆ ಬಂದದ್ದು ಮಾತ್ರ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, 2004ರ ಆಗಸ್ಟ್ 24ರಂದು. ಬೆಂಗಳೂರಿನವರಿಗೆ ತಮ್ಮೂರಿನ ಅಂಗಡಿಯಲ್ಲಿ ಸಿಗಲು 2010ರವರೆಗೆ ಕಾಯಬೇಕಾಯಿತು. ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಕಟ್ಟಿಸಿದ ಬಾರ್ಲಿಯಿಂದಲೇ ಮಾಡಿದ ವಿಸ್ಕಿಗೆ ಸಿಂಗಲ್ ಮಾಲ್ಟ್ ಎಂದು ಹೆಸರು.

ವಿಸ್ಕಿಯ ಹಳೆಯ ದಾಖಲೆಗಳು ಕ್ರೈಸ್ತ ಮಠಗಳ ಸುತ್ತ ಸುಳಿಯುತ್ತವೆ. ಐರ್ಲೆಂಡಿನ ಕ್ಲಾನ್‌ಮಕ್‌ನೋಯ್ಸ್ ಮಠದ ವೃತ್ತಾಂತದಲ್ಲಿ, 1405ರ ಕ್ರಿಸ್‌ಮಸ್ ವೇಳೆ ಒಬ್ಬ ಪಾಳೆಯಗಾರ ಅತಿಯಾಗಿ ಕುಡಿದು ಸತ್ತ ಸುದ್ದಿಯಿದೆ. ಸ್ಕಾಟ್ಲೆಂಡಿನ ಖಜಾನೆಯ 1494ರ ಲೆಕ್ಕದಲ್ಲಿ ಜಾನ್ ಕಾರ್ ಎಂಬ ಸನ್ಯಾಸಿಗೆ ಭಟ್ಟಿಗಾಗಿ ಮಾಲ್ಟ್ ಕೊಟ್ಟ ನಮೂದಿದೆ. ಕಂಬೀಪುರಕ್ಕೆ ಅಂಥ ಪುರಾತನ ಮಠದ ಹಿನ್ನೆಲೆಯಿಲ್ಲ. ಅಮೃತ್‌ನ ಹೆಸರು ಸಮುದ್ರಮಥನದಿಂದ ಬಂದದ್ದು. ಅದರ ಗುಣ ಬೆಂಗಳೂರಿನ ಹವೆಯಿಂದ ಬಂದದ್ದು.

ಕಂಪನಿಯನ್ನು 1948ರಲ್ಲಿ ಜೆ.ಎನ್. ರಾಧಾಕೃಷ್ಣ ರಾವ್ ಜಗದಾಳೆ ಸ್ಥಾಪಿಸಿದರು. ಕಾಲ ಅನುಕೂಲವಾಗಿರಲಿಲ್ಲ. ಮದ್ರಾಸ್ ಪ್ರಾಂತ್ಯ ಪಾನನಿಷೇಧ ಜಾರಿಗೆ ತಂದ ದಿನಗಳವು. ಮರುವರ್ಷ ಮುಂಬಯಿ ಪ್ರಾಂತ್ಯದ ಪಾನನಿಷೇಧ ಕಾಯಿದೆ ಬಂತು. ಪಾನನಿಷೇಧದತ್ತ ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಸರ್ಕಾರಗಳಿಗೆ ಸೂಚಿಸಿತು. ಮುಂಬಯಿಯ ಆ ಕಾಯಿದೆಯ ಪರ್ಮಿಟ್ ಪದ್ಧತಿ ಮಹಾರಾಷ್ಟ್ರದಲ್ಲಿ ಇನ್ನೂ ಉಳಿದಿದೆ. ಭಾರತದಲ್ಲಿ ಮದ್ಯದ ಉದ್ಯಮ ಬೆಳೆದದ್ದು ಈ ವಿರೋಧದ ನಡುವೆಯೇ. ಅದನ್ನು ಮರೆತು ಅಮೃತ್‌ನ ಕಥೆ ಹೇಳಿದರೆ ಅರ್ಧವಷ್ಟೇ ಹೇಳಿದಂತಾಗುತ್ತದೆ.

1976ರಲ್ಲಿ ಸ್ಥಾಪಕರ ಮಗ ನೀಲಕಂಠ ರಾವ್ ಜಗದಾಳೆ ಹೊಣೆ ಹೊತ್ತರು. ಕಂಬೀಪುರದ ಡಿಸ್ಟಿಲರಿ 1987ರಲ್ಲಿ ಎದ್ದಿತು. ಆಗ ಭಾರತದ ಬಹುಪಾಲು ವಿಸ್ಕಿಗೆ ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರವೇ ಮೂಲ. ಈಗಲೂ ಅಗ್ಗದ ಬಾಟಲಿಗಳಲ್ಲಿ ಹೆಚ್ಚಿನವು ಹಾಗೆಯೇ. ಯುರೋಪಿನ ಕಾನೂನು ಅದನ್ನು ವಿಸ್ಕಿ ಎಂದು ಮಾರಲು ಬಿಡುವುದಿಲ್ಲ. ಅಮೃತ್ ಬಾರ್ಲಿಯಿಂದ ಮಾಲ್ಟ್ ಇಳಿಸತೊಡಗಿದ್ದೂ ಮೊದಲು ಮಿಶ್ರ ವಿಸ್ಕಿಗೆ ಬೆರೆಸಲೆಂದೇ. ಪೀಪಾಯಿಗಳಲ್ಲಿ ಉಳಿದ ಮಾಲ್ಟ್ ವರ್ಷ ಕಳೆದಂತೆ ಎಷ್ಟು ಚೆನ್ನಾಗಿ ಮಾಗುತ್ತದೆಂದು ಕಂಡುಕೊಂಡದ್ದು ಆಮೇಲೆ.

ಅದನ್ನು ಬೆರೆಸದೆ, ಹಾಗೆಯೇ ಮಾರಬಹುದೆಂಬ ಯೋಚನೆಗೆ ಇಂಗ್ಲೆಂಡಿನಲ್ಲಿ ರೂಪ ಬಂತು. ನೀಲಕಂಠರ ಮಗ ರಕ್ಷಿತ್ ಜಗದಾಳೆ ನ್ಯೂಕಾಸಲ್‌ನಲ್ಲಿ ಎಂಬಿಎ ಓದುವಾಗ, ಭಾರತೀಯ ಸಿಂಗಲ್ ಮಾಲ್ಟ್ ಬ್ರಿಟನ್ನಿನಲ್ಲಿ ಮಾರಾಟವಾದೀತೇ ಎಂಬುದನ್ನೇ ಅಧ್ಯಯನಕ್ಕೆ ಆರಿಸಿಕೊಂಡರು. ಗ್ಲಾಸ್ಗೋದ ಪಬ್ಬಿನಲ್ಲಿ ಹೆಸರು ಹೇಳದೆ ರುಚಿ ತೋರಿಸಿದಾಗ, ಅನುಭವಿಗಳು ಅದನ್ನು ಸ್ಕಾಟ್ಲೆಂಡಿನದೇ ಹಳೆಯ ಮಾಲ್ಟ್ ಎಂದು ಭಾವಿಸಿದರು. ಬ್ರಿಟನ್ನಿನ ಭಾರತೀಯ ಹೋಟೆಲುಗಳಲ್ಲಿ ಮಾರುವ ಮೊದಲ ಯೋಜನೆ ಮಾತ್ರ ಫಲಿಸಲಿಲ್ಲ. ಊಟದ ಜೊತೆ ಬಿಯರ್ ಕೇಳುವ ಗಿರಾಕಿ ಅಪರಿಚಿತ ವಿಸ್ಕಿಗೆ ಹಣ ತೆರುವುದು ಕಷ್ಟ. ವಿಸ್ಕಿಯನ್ನೇ ಅರಸುವ ಅಂಗಡಿ, ಬಾರು, ಮೇಳಗಳತ್ತ ತಿರುಗಿದ ಮೇಲೆ ದಾರಿ ತೆರೆಯಿತು. ಹೊರಗೆ ಮನ್ನಣೆ ಬಂದ ಮೇಲೆಯೇ ನಮ್ಮವರು ಗಮನಿಸಿದರೆಂಬುದು ಬೇಸರದ ಸಂಗತಿ, ಆದರೆ ನಿಜ.

ಬಾರ್ಲಿ ಬರುವುದು ಮುಖ್ಯವಾಗಿ ಪಂಜಾಬ್, ಹರಿಯಾಣ, ರಾಜಸ್ಥಾನದ ಹೊಲಗಳಿಂದ. ಮೊಳಕೆ ಕಟ್ಟಿಸಿ ಒಣಗಿಸಿದ ಕಾಳನ್ನು ಅರೆದು, ಬಿಸಿನೀರಿನಲ್ಲಿ ಸಿಹಿರಸ ತೆಗೆದು ಹುದುಗಿಸುತ್ತಾರೆ. ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಬಂದ ದ್ರವಕ್ಕೆ ಬಣ್ಣವಿಲ್ಲ. ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿ, ಹೊಸ ಓಕ್ ಪೀಪಾಯಿ, ಕೆಲವು ಬಾರಿ ಸ್ಪೇನಿನ ಶೆರಿ ವೈನ್ ಇಟ್ಟಿದ್ದ ಪೀಪಾಯಿ: ಬಣ್ಣವೂ ಬಹುಪಾಲು ಪರಿಮಳವೂ ಈ ಮರದಿಂದ ಇಳಿಯಬೇಕು.

ಬೆಂಗಳೂರಿನ ಪಾತ್ರ ಇಲ್ಲಿಂದ ಶುರು. ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದ್ದರೂ ಸ್ಕಾಟ್ಲೆಂಡಿಗಿಂತ ಬಹಳ ಬೆಚ್ಚಗೆ. ಬಿಸಿಗೆ ಮದ್ಯ ಹಿಗ್ಗಿ ಮರದ ಸಂದುಗಳಿಗೆ ಇಳಿಯುತ್ತದೆ, ತಂಪಿಗೆ ಕುಗ್ಗಿ ಹೊರಬರುತ್ತದೆ. ಈ ಓಡಾಟ ಇಲ್ಲಿ ಚುರುಕು. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಇಲ್ಲಿ ಶೇ. 10-12 ಹೋಗುತ್ತದೆ. ಆವಿಯಾದ ಈ ಭಾಗವನ್ನು ಉದ್ಯಮದವರು ದೇವದೂತರ ಪಾಲು ಎನ್ನುತ್ತಾರೆ. ಹೀಗಾಗಿ ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗಿಬಿಡುತ್ತದೆ. ಹೆಚ್ಚು ಕಾಲ ಬಿಟ್ಟರೆ ಪೀಪಾಯಿ ಬರಿದಾಗುತ್ತದೆ. ಬಾಟಲಿಯ ಮೇಲಿನ ವಯಸ್ಸೇ ಗುಣದ ಅಳತೆ ಎಂಬ ಸ್ಕಾಟ್ಲೆಂಡಿನ ನಂಬಿಕೆ ಉಷ್ಣದೇಶಕ್ಕೆ ಒಪ್ಪುವುದಿಲ್ಲವೆಂದು ಜಗತ್ತಿಗೆ ತೋರಿಸಿಕೊಟ್ಟದ್ದೇ ಅಮೃತ್‌ನ ದೊಡ್ಡ ಸಾಧನೆ. 2013ರಲ್ಲಿ ಎಂಟು ವರ್ಷ ಮಾಗಿದ ವಿಸ್ಕಿಯನ್ನು ‘ಗ್ರೀಡಿ ಏಂಜೆಲ್ಸ್’ ಎಂದು ಹೊರತಂದಾಗ ಸಿಕ್ಕಿದ್ದು 144 ಬಾಟಲಿ ಮಾತ್ರ. ದೇವದೂತರು ದುರಾಸೆಯವರೆಂಬ ಆ ಹೆಸರಿಗೆ ಕಾರಣವೂ ಅದೇ.

ಹೆಸರು ಗಟ್ಟಿಯಾದದ್ದು ‘ಫ್ಯೂಷನ್’ನಿಂದ. ಭಾರತದ ಬಾರ್ಲಿಯ ಜೊತೆಗೆ, ಸ್ಕಾಟ್ಲೆಂಡಿನ ಜೌಗುನೆಲದ ಪೀಟ್ ಹೊಗೆ ಹಾಯಿಸಿದ ಬಾರ್ಲಿ ಸೇರಿಸಿ ಮಾಡಿದ್ದು, ಮದ್ಯಸಾರ ಶೇ. 50. ಸಾಮಾನ್ಯ ಅಮೃತ್‌ನಲ್ಲಿ ಅದು ಶೇ. 46. ವಿಮರ್ಶಕ ಜಿಮ್ ಮರ್ರಿ ತಮ್ಮ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದು ಹೆಸರಿಸಿದರು. ಆಗ ಮುಖ್ಯ ಮಿಶ್ರಣಕಾರರಾಗಿದ್ದ ಸುರಿಂದರ್ ಕುಮಾರ್ ಅವರ ಪ್ರಯೋಗಗಳೂ ಹೆಸರಾದವು: ಬರ್ಬನ್ ಪೀಪಾಯಿಯಿಂದ ಶೆರಿಗೆ ಹಾಕಿ ಮತ್ತೆ ಬರ್ಬನ್ ಪೀಪಾಯಿಗೆ ಮರಳಿಸಿದ ‘ಇಂಟರ್‌ಮೀಡಿಯೆಟ್ ಶೆರಿ’, ಬೇರೆಬೇರೆ ಓಕ್ ಹಲಗೆಗಳನ್ನು ಕೂಡಿಸಿ ಕಟ್ಟಿದ ಪೀಪಾಯಿಯ ‘ಸ್ಪೆಕ್ಟ್ರಮ್’, ಬೆಂಗಳೂರಿನಲ್ಲಿ ಮಾಗಿ ಮತ್ತೆ ಯುರೋಪಿನಲ್ಲೂ ಮಾಗಿದ ‘ಟೂ ಕಾಂಟಿನೆಂಟ್ಸ್’. ‘ಹೆರಾಲ್ಡ್’ನ ಪೀಪಾಯಿಗಳು ಉತ್ತರ ಸಮುದ್ರದ ಜರ್ಮನ್ ದ್ವೀಪ ಹೆಲ್ಗೊಲಾಂಡ್‌ಗೂ ಹೋದವು.

ಅಮೃತ್ ನಡೆದ ದಾರಿಯಲ್ಲಿ ಗೋವಾದ ಪಾಲ್ ಜಾನ್, ಉತ್ತರ ಪ್ರದೇಶದ ರಾಂಪುರ, ಹರಿಯಾಣದ ಇಂದ್ರಿ ಮಾಲ್ಟ್‌ಗಳು ಬಂದು ವಿದೇಶದಲ್ಲಿ ಬಹುಮಾನ ಗಳಿಸಿವೆ. ನೀಲಕಂಠ ಜಗದಾಳೆ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ಆಮೇಲೆ ಕಂಪನಿಯನ್ನು ಮುನ್ನಡೆಸುವ ಹೊಣೆ ರಕ್ಷಿತ್ ಜಗದಾಳೆಯವರಿಗೆ ಬಂತು.