ಶುಶ್ರೂಷಾವೃತ್ತಿಯಲ್ಲಿ ಪುರುಷರ ಸ್ಥಾನ

ರೋಗಿಯನ್ನು ಉಪಚರಿಸುವುದು ಸ್ತ್ರೀಯರಿಗೆ ಸ್ವಭಾವಸಿದ್ಧವಾದ ಕಾರ್ಯವೆಂದೂ, ಆ ವೃತ್ತಿಗೆ ಬಂದ ಪುರುಷನು ಅನ್ಯನೆಂದೂ ಭಾವಿಸುವುದು ಲೋಕರೂಢಿಯಾಗಿದೆ. ಈ ಭಾವನೆಯು ಪುರಾತನವಾದುದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಚಿಕಿತ್ಸೆಯ ನಾಲ್ಕು ಪಾದಗಳಲ್ಲೊಂದಾಗಿ ಎಣಿಸಲ್ಪಟ್ಟಿರುವ ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳು ಹೇಳಲ್ಪಟ್ಟಿವೆ. ಸ್ತ್ರೀತ್ವವು ಅವುಗಳಲ್ಲಿ ಸೇರಿಲ್ಲ. ಯೂರೋಪಿನಲ್ಲಿಯೂ ಮಧ್ಯಯುಗದ ಸೇಂಟ್ ಜಾನ್ ಸಂಘದವರೂ ಅಲೆಕ್ಸಿಯನ್ ಸಹೋದರರೂ ರೋಗಿಗಳ ಸೇವೆಯನ್ನು ವ್ರತವಾಗಿ ಕೈಕೊಂಡಿದ್ದರು. ಹೀಗಿರಲು ಪುರುಷನು ಈ ವೃತ್ತಿಯಲ್ಲಿ ಅನ್ಯನಾದುದು ಹೇಗೆಂಬುದು ವಿಚಾರಾರ್ಹವಾದ ವಿಷಯವು.

೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಶಿಕ್ಷಣಶಾಲೆಯು ಸ್ಥಾಪಿತವಾಯಿತು. ಗೌರವಯುತವಾದ ಜೀವನೋಪಾಯಗಳು ಸ್ತ್ರೀಯರಿಗೆ ವಿರಳವಾಗಿದ್ದ ಆ ಕಾಲದಲ್ಲಿ ಇದು ಮಹದುಪಕಾರವೇ ಸರಿ. ಆದರೆ ಸ್ತ್ರೀಯರಿಗೆ ತೆರೆದ ಬಾಗಿಲು ಪುರುಷರಿಗೆ ತೆರೆಯಲಿಲ್ಲ. ಇಂಗ್ಲೆಂಡಿನಲ್ಲಿ ೧೯೧೯ರ ಶಾಸನವು ಪುರುಷರ ಹೆಸರುಗಳನ್ನು ಬೇರೊಂದು ಉಪಪಟ್ಟಿಯಲ್ಲಿ ಇರಿಸಿತು. ೧೯೪೯ರ ಶಾಸನದಿಂದ ಈ ಭೇದವು ತೊಲಗಿತು. ಅಲ್ಲಿಯ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಸಂಸ್ಥೆಯು ಪುರುಷರನ್ನು ಸದಸ್ಯರನ್ನಾಗಿ ಅಂಗೀಕರಿಸಿದುದು ೧೯೬೦ರಲ್ಲಿ. ಅಮೆರಿಕದ ಸೈನ್ಯದಲ್ಲಿ ೧೯೦೧ರಲ್ಲಿ ಏರ್ಪಟ್ಟ ದಾದಿಯರ ದಳವು ೧೯೫೫ರ ವರೆಗೆ ಸ್ತ್ರೀಯರಿಗೇ ಮೀಸಲಾಗಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ದಾದಿಯರ ಅಭಾವವಿದ್ದರೂ, ಶಿಕ್ಷಣ ಪಡೆದ ಪುರುಷರಿಗೆ ಆ ದಳದ ಅಧಿಕಾರಿಪದವು ದೊರೆಯಲಿಲ್ಲ.

ಶಾಸನವು ಅಳಿದರೂ ಅದು ಬೆಳೆಸಿದ ಮನೋಭಾವವು ಒಡನೆಯೇ ಅಳಿಯುವುದಿಲ್ಲ. ಭಾಷೆಯೇ ಇದಕ್ಕೆ ಸಾಕ್ಷಿ. ಕನ್ನಡದ ‘ದಾದಿ’ ಎಂಬುದೂ, ಇಂಗ್ಲಿಷಿನ ‘ಸಿಸ್ಟರ್’ ಎಂಬ ಪದವಿಯೂ ಸ್ತ್ರೀವಾಚಕಗಳು. ಪುರುಷನಾದರೋ ‘ಮೇಲ್ ನರ್ಸ್’ ಎಂಬ ವಿಶೇಷಣವನ್ನು ಹೊತ್ತೇ ತಿರುಗಬೇಕು. ಭಾರವಾದ ರೋಗಿಗಳನ್ನು ಎತ್ತುವುದು, ಉದ್ರಿಕ್ತರನ್ನು ಹಿಡಿಯುವುದು ಇವನ ಪಾಲಿಗೆ ಬರುತ್ತವೆ. ಇವನ ಸ್ಪರ್ಶವು ಶಂಕೆಗೂ ಇವನ ಪೌರುಷವು ಪರಿಹಾಸಕ್ಕೂ ಗುರಿಯಾಗುತ್ತವೆ. ಹೊಸಬರನ್ನು ಹಿರಿಯರು ಪೀಡಿಸುವ ಕೆಟ್ಟ ರೂಢಿಯಂತೂ ಸ್ತ್ರೀಪುರುಷಭೇದವಿಲ್ಲದೆ ಈ ವೃತ್ತಿಯಲ್ಲಿ ಕಂಡುಬಂದಿದೆ. ದಾದಿಯರು ತಮ್ಮ ಮರಿಗಳನ್ನು ತಾವೇ ತಿನ್ನುತ್ತಿರುವರೇ ಎಂದು ಜೂಡಿತ್ ಮೈಸ್ನರ್ ಎಂಬಾಕೆಯು ೧೯೮೬ರಲ್ಲಿಯೇ ಪ್ರಶ್ನಿಸಿದಳು. ಸಂಖ್ಯೆಯಲ್ಲಿ ಅಲ್ಪರಾದವರು ಇಂತಹ ಪೀಡೆಯನ್ನು ಒಂಟಿಯಾಗಿ ಸಹಿಸಬೇಕಾಗುತ್ತದೆ. ಸಹಿಸಲಾರದವರು ಕೆಲಸವನ್ನು ಬಿಡುತ್ತಾರೆ.

ಆದರೆ ವೃತ್ತಿತ್ಯಾಗಕ್ಕೆಲ್ಲ ಅವಮಾನವೊಂದೇ ಕಾರಣವೆನ್ನಲಾಗದು. ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ ೧೯೯೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದ್ದಾಳೆ. ಸ್ತ್ರೀಪ್ರಧಾನವಾದ ವೃತ್ತಿಗಳಲ್ಲಿರುವ ಪುರುಷರನ್ನು ಮೇಲಧಿಕಾರಿಗಳು ಆಡಳಿತದ ಪದವಿಗಳ ಕಡೆಗೆ ತಳ್ಳುತ್ತಾರೆ. ಇದ್ದಲ್ಲಿಯೇ ಇರಬಯಸುವವನು ಅದಕ್ಕಾಗಿ ಪ್ರಯಾಸಪಡಬೇಕು. ಆಕೆಯು ಇದನ್ನು ತಾನಾಗಿ ಮೇಲಕ್ಕೇರುವ ಗಾಜಿನ ಸೋಪಾನಕ್ಕೆ ಹೋಲಿಸಿದಳು. ಪೀಡನೆಯಾಗಲಿ ಬಡ್ತಿಯಾಗಲಿ ಎರಡರ ತಾತ್ಪರ್ಯವೂ ಒಂದೇ: ರೋಗಿಯ ಹಾಸಿಗೆಯ ಪಕ್ಕವು ಪುರುಷನ ಸ್ಥಾನವಲ್ಲವೆಂಬುದು.

ಇದರ ಹಾನಿಯು ಪುರುಷರಿಗೆ ಮಾತ್ರ ತಟ್ಟುವುದಿಲ್ಲ. ೧೯೭೯ರಲ್ಲಿ ಮಿಸಿಸಿಪಿಯ ಮಹಿಳಾ ವಿಶ್ವವಿದ್ಯಾನಿಲಯವು ಜೋ ಹೋಗನ್ ಎಂಬ ಶುಶ್ರೂಷಕನಿಗೆ ಪುರುಷನೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಿತು. ತರಗತಿಯಲ್ಲಿ ಕುಳಿತು ಕೇಳಬಹುದು, ಪದವಿಗೆ ಮಾತ್ರ ಅರ್ಹನಲ್ಲ ಎಂಬುದು ಅಲ್ಲಿಯ ನಿಯಮವಾಗಿದ್ದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೨ರಲ್ಲಿ ೫ಕ್ಕೆ ೪ ಮತಗಳಿಂದ ಹೋಗನ್ನನ ಪರವಾಗಿ ತೀರ್ಪಿತ್ತಿತು. ತೀರ್ಪನ್ನು ಬರೆದ ಸಾಂಡ್ರಾ ಡೇ ಓಕಾನರ್, ಆ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಾಧೀಶೆ. ಇಂತಹ ಬಹಿಷ್ಕಾರವು ಶುಶ್ರೂಷೆಯು ಸ್ತ್ರೀಯರ ಕೆಲಸವೆಂಬ ರೂಢಿಯನ್ನೇ ಗಟ್ಟಿಗೊಳಿಸುವುದೆಂದು ಆಕೆಯು ಹೇಳಿದುದಲ್ಲದೆ, ಪುರುಷರನ್ನು ಹೊರಗಿಟ್ಟುದರಿಂದ ದಾದಿಯರ ವೇತನವೇ ಕುಗ್ಗಿರುವುದೆಂಬ ಅಭಿಪ್ರಾಯವನ್ನೂ ಗಮನಿಸಿದಳು. ಹಾಗಾದರೆ ಯಾರ ಹಿತಕ್ಕಾಗಿ ಆ ಬೇಲಿಯು ಹಾಕಲ್ಪಟ್ಟಿತೋ ಅವರೇ ಅದರಿಂದ ನಷ್ಟಕ್ಕೊಳಗಾದಂತಾಯಿತು. ಶುಶ್ರೂಷಕನನ್ನು ಚರಕಸಂಹಿತೆಯು ಹೇಳಿದ ನಾಲ್ಕು ಗುಣಗಳಿಂದ ಅಳೆಯುವ ವರೆಗೆ ಈ ನಷ್ಟದಲ್ಲಿ ರೋಗಿಯೂ ಪಾಲುಗಾರನಾಗಿರುವನು.