ಎಬ್ಬಿಸುವುದೂ ನಿಲ್ಲಿಸುವುದೂ



2011ರಲ್ಲಿ ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಆರಂಭವಾದಾಗ ನಮ್ಮಂಥ ಪ್ರೌಢಶಾಲಾ ಶಿಕ್ಷಕರ ಕೈಗೆ ಉಬುಂಟು ಎಂಬ ಮುಕ್ತ ತಂತ್ರಾಂಶ ಬಂದಿತು. ಮರುವರ್ಷ ಚಿಂತಾಮಣಿ ತಾಲ್ಲೂಕಿನ ಶಾಲೆಯೊಂದರಲ್ಲಿ, ಸಂಜೆ ಬಸ್ಸಿಗೆ ತಡವಾಯಿತೆಂದು ನಾನು ಕಂಪ್ಯೂಟರ್ ಕೊಠಡಿಯ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟೆ. ತೆರೆದೇ ಇದ್ದ ಹತ್ತನೆಯ ತರಗತಿಯ ಅಂಕಪಟ್ಟಿ ಅದರೊಡನೆ ಹೋಯಿತು. ಸಹೋದ್ಯೋಗಿಗಳಿಬ್ಬರು ಎರಡು ದಿನ ಕುಳಿತು ಮತ್ತೆ ಸಿದ್ಧಪಡಿಸಿದರು. ಒಬ್ಬರೂ ನನ್ನನ್ನು ಆಕ್ಷೇಪಿಸಲಿಲ್ಲ. ಅದೇ ಹೆಚ್ಚು ನೋವಾಯಿತು.

ಆ ನಾಚಿಕೆಯೇ ನನಗೆ ಈ ಇತಿಹಾಸವನ್ನು ಓದಿಸಿತು. ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರ ಕೈಯಲ್ಲಿ ಹುಟ್ಟಿತು. ಉಬುಂಟುವಿನಂಥ ಲಿನಕ್ಸ್‌ಗಳು ಅದೇ ಹಾದಿಯವು. ಇಲ್ಲಿ ಯಂತ್ರ ಎಚ್ಚರಗೊಂಡಾಗ ಮೊದಲು ಓಡುವ ಕಾರ್ಯಕ್ರಮಕ್ಕೆ 1 ಎಂಬ ಸಂಖ್ಯೆ. ರೂಢಿಯ ಹೆಸರು ಇನಿಟ್. ಮುದ್ರಣ, ಜಾಲಸಂಪರ್ಕ ಮುಂತಾಗಿ ತೆರೆಮರೆಯಲ್ಲಿ ದುಡಿಯುವ ಸೇವೆಗಳನ್ನು ಎಬ್ಬಿಸುವುದೂ ನಿಲ್ಲಿಸುವುದೂ ಅದರ ಹೊಣೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಒಲೆ ಹೊತ್ತಬೇಕು, ನೀರು ಕುದಿಯಬೇಕು, ಗೂಡು ಬೇಯಬೇಕು. ಆಮೇಲಷ್ಟೇ ಎಳೆ ಸಿಕ್ಕೀತು. ಸಿಸ್ಟಮ್ ಫೈವ್ ಇಂಥ ಕ್ರಮವನ್ನು ಅಂಕಿಗಳಿಂದ ಕಾಯ್ದಿತು. 'ಎಸ್' ಅಕ್ಷರದ ಕಡತಗಳು ಆರಂಭಕ್ಕೆ, 'ಕೆ' ಅಕ್ಷರದವು ನಿಲುಗಡೆಗೆ. ಪಕ್ಕದ ಎರಡಂಕಿಯೇ ಸರದಿ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಸೇವೆಗಳೂ ಸಾಲಿನಲ್ಲಿ ನಿಂತು ಕಾಯಬೇಕಾಯಿತು.

ಉಬುಂಟು 2006ರಲ್ಲಿ ಅಪ್‌ಸ್ಟಾರ್ಟ್ ಎಂಬ ವ್ಯವಸ್ಥೆಯನ್ನು ತಂದಿತು. ಅದರಲ್ಲಿ ಒಂದು ಘಟನೆ ನಡೆದಾಗ ಅದಕ್ಕೆ ತಕ್ಕ ಸೇವೆ ಏಳುತ್ತಿತ್ತು. 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ಮುಂದಿಟ್ಟರು. ಯಾವುದಕ್ಕೆ ಯಾವುದು ಬೇಕೆಂದು ಬರೆದಿಟ್ಟರೆ, ಕಾಯಬೇಕಿಲ್ಲದವನ್ನೆಲ್ಲ ಅದು ಏಕಕಾಲಕ್ಕೆ ಎಬ್ಬಿಸುತ್ತದೆ. ಒಂದೇ ವ್ಯವಸ್ಥೆಗೆ ಇಷ್ಟು ಅಧಿಕಾರ ಸಲ್ಲದೆಂದು ಹಲವರು ವಿರೋಧಿಸಿದರು. 2014ರ ಫೆಬ್ರವರಿಯಲ್ಲಿ ಡೆಬಿಯನ್ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮವಾದಾಗ ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದ ಕೆಲವರು ಡೆವುವನ್ ಎಂಬ ಬೇರೆ ಶಾಖೆಯನ್ನು ಕಟ್ಟಿಕೊಂಡರು. 2015ರ ಏಪ್ರಿಲ್‌ನಲ್ಲಿ ಉಬುಂಟುವೂ ಸಿಸ್ಟಮ್‌ಡಿಗೆ ಬದಲಾಯಿತು.

ಇಷ್ಟೆಲ್ಲ ಬದಲಾದರೂ ಒಂದು ಮರ್ಯಾದೆ ಉಳಿದು ಬಂದಿದೆ. ನಿಲ್ಲಿಸುವಾಗ ಮೊದಲು 'ಮುಗಿಸು' ಎಂಬ ಸೂಚನೆ ಹೋಗುತ್ತದೆ. ಕೈಯಲ್ಲಿರುವುದನ್ನು ಡಿಸ್ಕಿಗೆ ಬರೆದಿಡಲು ಅವಕಾಶವಿರುತ್ತದೆ. ಬೇರೆ ಅವಧಿಯನ್ನು ನಿಗದಿಪಡಿಸದಿದ್ದರೆ ಸಿಸ್ಟಮ್‌ಡಿ 90 ಸೆಕೆಂಡು ಕಾಯುತ್ತದೆ. ಆಗಲೂ ಮುಗಿಸದಿದ್ದರೆ ಮಾತ್ರ ಬಲವಂತ.

ಮೇನ್ ಸ್ವಿಚ್ ಆರಿಸಿದರೆ ಆ ಸೂಚನೆಯೇ ಹೋಗದು. ಪರೀಕ್ಷಾ ಕೊಠಡಿಯಲ್ಲಿ ಕೊನೆಯ ಗಂಟೆಗೆ ಮುನ್ನ "ಇನ್ನು ಐದೇ ನಿಮಿಷ" ಎಂದು ನಿಮ್ಮನ್ನು ಎಚ್ಚರಿಸುತ್ತಿದ್ದವನು ನಾನೇ. ಆ ಯಂತ್ರಕ್ಕೆ ಒಂದೂವರೆ ನಿಮಿಷವನ್ನೂ ನಾನು ಕೊಡಲಿಲ್ಲ.